ಯಾರ ಬಲಗಡೆ?

ತಾರಸಿಯ ನೀರು ಮತ್ತೆ ಅಡುಗೆಮನೆಗೆ ನುಗ್ಗಿ, ಈರುಳ್ಳಿ ಬುಟ್ಟಿ ದೋಣಿಯಂತೆ ತೇಲಿಕೊಂಡು ಹೊಸ್ತಿಲು ದಾಟಿದಾಗ ಹೆಂಡತಿ ತೀರ್ಪು ಕೊಟ್ಟುಬಿಟ್ಟಳು.

"ಇನ್ನೊಂದ್ಸಲ ನೀರು ಒಳಗೆ ಬಂದ್ರೆ ನಮ್ಮಣ್ಣನ್ನ ಕರೆಸ್ತೀನಿ!"

ಅಣ್ಣ ಪ್ಲಂಬರ್. ಭಾವನ ಕೈಗೆ ಸಿಕ್ಕಿ ಸತ್ತ ನಲ್ಲಿಯ ಕತೆ ಹೇಳಿ ಊರನ್ನೇ ನಗಿಸಿದವನು. ಅವನು ಬಂದನೆಂದರೆ ಮಳೆನೀರಿನ ಜೊತೆ ಯಜಮಾನರ ಮಾನವೂ ಚರಂಡಿ ಸೇರಿದಂತೆಯೇ.

"ಯಾರೂ ಬೇಡ. ನಾನೇ ಮಾಡ್ತೀನಿ," ಎಂದರು ಅವರು. ಟ್ಯೂಬ್‌ಲೈಟಿನಿಂದ ಹಿಡಿದು ಬೆಕ್ಕಿನ ಕಾಲಿನ ಕಟ್ಟಿನವರೆಗೆ ಎಲ್ಲಕ್ಕೂ ಇದೇ ಮಾತು. ಬೀದಿಯವರು ಅವರನ್ನು ನಾನೇರಾಯರು ಎಂದೇ ಕರೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಟ್ಯಾಂಕು ಬಂತು. ರಾಯರ ಲೆಕ್ಕ ಇಷ್ಟು: ತಾರಸಿಯ ಪೈಪು ಟ್ಯಾಂಕಿಗೆ. ತುಂಬಿ ಉಕ್ಕಿದ ನೀರು ಇನ್ನೊಂದು ಪೈಪಿನಲ್ಲಿ ಬೀದಿಯ ಮಳೆನೀರಿನ ಚರಂಡಿಗೆ. ತೊಡಕು ಒಂದೇ. ಪಕ್ಕದ ಮನೆಯ ಪೈಪೂ ಇವರದೂ ಒಂದೇ ಗೋಡೆಯ ಮೇಲೆ ಜಡೆಯಂತೆ ಹೆಣೆದುಕೊಂಡು ಇಳಿದು, ಒಂದೇ ಮೂಲೆಯಲ್ಲಿ ನೀರು ಕಾರುತ್ತಿದ್ದವು.

"ಏಣಿ ಹತ್ತಿ ನಮ್ದು ಯಾವ್ದು ಅಂತ ನೋಡ್ಬಾರ್ದೇನ್ರಿ?"

"ಅಷ್ಟಕ್ಕೆಲ್ಲ ಏಣಿ ಯಾಕೆ?"

ಪಕ್ಕದ ಮನೆಯ ನಿವೃತ್ತರು ತಾರಸಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. ಕೇಳದೆಯೂ ಸಲಹೆ ಕೊಡುವವರು, ಕೇಳಿದರೆ ಬಿಡುತ್ತಾರೆಯೇ? ಅಂಚಿನಿಂದ ಬಗ್ಗಿ ಕೂಗಿದರು: "ಬಲಗಡೇದು ನಿಮ್ದು! ಧೈರ್ಯವಾಗಿ ಕೊಯ್ರಿ!"

ರಾಯರು ಗೋಡೆಗೆ ಮುಖ ಮಾಡಿ ಬಲಗಡೆಯದನ್ನು ಧೈರ್ಯವಾಗಿ ಕೊಯ್ದರು. ಕೊಯ್ದ ತುಂಡು ಅವರ ಪಾದದ ಮೇಲೆಯೇ ಬಿತ್ತು. ಗಮ್ಮು ಪೈಪಿಗಿಂತ ಮೊದಲು ಹೆಬ್ಬೆರಳನ್ನು ಹಿಡಿದುಕೊಂಡಿತು. ಊಟಕ್ಕೆ ಕೂತಾಗಲೂ ಬೆರಳಿನ ತುದಿಯಲ್ಲಿ ಪೈಪು ತಿರುಗಿಸುವ ಎಲ್ಬೋ ತುಂಡು ಉಂಗುರದಂತೆ ಕೂತಿತ್ತು. ಆದರೂ ಸಂಜೆಯ ಹೊತ್ತಿಗೆ ಪೈಪು ಟ್ಯಾಂಕಿಗೆ ಸೇರಿತು, ಮೋಡವೂ ಸೇರಿತು. ರಾಯರು ತಾವೇ ಹೆಂಡತಿಯ ಅಣ್ಣನಿಗೆ ಫೋನು ಮಾಡಿದರು. "ಬಿಡುವಿದ್ರೆ ಬನ್ನಿ. ನೋಡಿ ಕಲಿಯೋದು ತುಂಬಾ ಇದೆ."

ಮಳೆ ಸುರಿಯಿತು. ಟ್ಯಾಂಕಿನೊಳಗೆ ಧೋ ಎಂಬ ಸದ್ದು! ರಾಯರು ಕೊಡೆಯ ಕೆಳಗೆ ನಿಂತು ಒಂದು ಲೋಟ ನೀರು ಹಿಡಿದು, ತಾರಸಿಯ ಬಾಗಿಲಲ್ಲಿ ನಿಂತಿದ್ದ ನಿವೃತ್ತರಿಗೆ ತೋರಿಸಿ ಗಟಗಟನೆ ಕುಡಿದರು.

ಒಳಗಿನಿಂದ ಹೆಂಡತಿಯ ದನಿ: "ರೀ, ನೀರು ಬಂತು!"

"ಬರ್ದೆ ಏನು! ಕೆಲಸ ಮಾಡಿದ್ದು ಯಾರು?"

"ರೀ, ತುಂಬಾ ಬಂತು!"

"ಬರ್ಲಿ ಬಿಡೇ! ಎಷ್ಟು ಬಂದ್ರೂ ನಮ್ದೇ!"

ಈರುಳ್ಳಿ ಬುಟ್ಟಿ ಅವರ ಕಾಲ ಪಕ್ಕದಲ್ಲೇ ತೇಲಿ ಹೋಯಿತು.

ರಾಯರು ಗೋಡೆ ನೋಡಿದರು. ಎಡಗಡೆಯ ಪೈಪು ಅಡುಗೆಮನೆಯ ಕಡೆಗೆ ಹೊಳೆಯನ್ನೇ ಬಿಡುತ್ತಿತ್ತು.

"ಅಯ್ಯೋ, ನಾನಂದಿದ್ದು ನನ್ನ ಬಲಗಡೆ ಕಣ್ರೀ!" ಮೇಲಿನಿಂದ ನಿವೃತ್ತರು ಕೂಗಿದರು. "ನೀವು ನನ್ನ ಎದುರಿಗೆ ನಿಂತಿದ್ರಲ್ಲ!"

"ಹಾಗಾದ್ರೆ ಟ್ಯಾಂಕಲ್ಲಿರೋದು...?"

"ನಮ್ ತಾರಸೀದು! ಪಾರಿವಾಳದ ಗಲೀಜು ಎಷ್ಟು ಉಜ್ಜಿದ್ರೂ ಹೋಗ್ತಿರ್ಲಿಲ್ಲ. ಇವತ್ತು ಒಂದು ಚೂರೂ ಉಳಿದಿಲ್ಲ ನೋಡಿ. ಪೈಪು ಹಾಗೇ ಇರ್ಲಿ ರಾಯ್ರೇ!"

ಲೋಟ ಕೈಯಿಂದ ಜಾರಿತು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಭಾವಾ, ಓಡೋಡಿ ಬಂದೆ, ಬಾಯಿ ಒಣಗಿದೆ. ಎಲ್ಲಿ, ನಿಮ್ಮ ಟ್ಯಾಂಕಿಂದು ಒಂದು ಲೋಟ ಕೊಡಿ!"

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ನಿನ್ನ ಪಾಲಿಂದೂ ಅವ್ರೇ ಕುಡಿದಾಯ್ತು, ಅಣ್ಣಾ! ನೀನು ಪ್ಯಾಂಟು ಮಡಚ್ಕೊಂಡು ಒಳಗೆ ಬಾ."