ಹಲ್ಲಿನ ಆಸ್ಪತ್ರೆಯ ಕಡಲ ಹೂವಿಗೆ ಸೇವಂತಿಗೆಯ ಪರವಾಗಿ

ಹೊಳೆನರಸೀಪುರದ ಹಲ್ಲಿನ ಆಸ್ಪತ್ರೆಯೊಂದರ ಗಾಜಿನ ತೊಟ್ಟಿಯಲ್ಲಿ ಬಿಜಯಂಗೈದಿರುವ ಕಡಲ ಹೂವಿನವರ ಸನ್ನಿಧಾನಕ್ಕೆ, ಹರದನಹಳ್ಳಿಯ ಹೂವಿನ ಜಯಲಕ್ಷ್ಮಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ, ಉಪ್ಪುನೀರಲ್ಲಿ ಕೂತ ತಮ್ಮ ಕ್ಷೇಮಕ್ಕೇನು ಕೊರತೆ!

ಮಾನ್ಯರೇ,

ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಡಾಕ್ಟರ್ ಸುದರ್ಶನ್ ಅವರ ಆಸ್ಪತ್ರೆಯ ಹಿತ್ತಾಳೆ ಬಟ್ಟಲಿಗೆ ಬಿಡಿ ಸೇವಂತಿಗೆ, ದೇವರ ಪಟಕ್ಕೆ ಒಂದು ಮೊಳ, ಶುಕ್ರವಾರ ಅವರ ತಾಯಿಯ ಮುಡಿಗೂ ಒಂದು ಮೊಳ ಕೊಡುವುದು ನನ್ನ ವಾಡಿಕೆಯ ವರ್ತನೆ. ಅವರು ಕೇಳುವಂತಿಲ್ಲ, ನಾನು ತಪ್ಪಿಸುವಂತಿಲ್ಲ. ತಾವು ದಯಮಾಡಿಸಿದ ಮರುದಿನವೇ ಡಾಕ್ಟರು, “ಇನ್ಮೇಲೆ ಹೂವು ಬೇಡ ಜಯಮ್ಮ, ಇದು ಬಾಡೋದೇ ಇಲ್ಲ ನೋಡಿ” ಎಂದುಬಿಟ್ಟರು, ಪಟಕ್ಕೂ ಪ್ಲಾಸ್ಟಿಕ್ ಹಾರ ಬಂತು. ಬುಟ್ಟಿ ಹೊತ್ತು ಹಾಗೇ ಹಿಂದಿರುಗಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ತಮ್ಮ ಮಹಿಮೆಯನ್ನು ಅಲ್ಲಿನ ನರ್ಸ್ ಭವ್ಯಶ್ರೀಯಿಂದ ಕೇಳಿ ಧನ್ಯಳಾದೆ. ತಾವು ಹೂವೇ ಅಲ್ಲವಂತೆ, ಸೀ ಅನಿಮೋನ್ ಎಂಬ ಪ್ರಾಣಿಯಂತೆ. ಬಂದವರೆಲ್ಲ ಎಸಳೆಂದು ಫೋಟೊ ಹೊಡೆದುಕೊಳ್ಳುವುದು, ಸಿಕ್ಕ ಮೀನಿಗೆ ವಿಷ ಚುಚ್ಚಿ ಒಳಗೆಳೆಯುವ ತಮ್ಮ ಕೈಗಳನ್ನಂತೆ. ಇರುವುದೊಂದೇ ಬಾಯಿ, ಉಣ್ಣುವುದೂ ಅದರಲ್ಲೇ, ಹೊರಗೆ ಹಾಕುವುದೂ ಅದರಲ್ಲೇ ಅಂತೆ. ಶಿವ ಶಿವಾ! ಹೋಗಲಿ, ಆ ಬಾಯಲ್ಲಿ ಒಂದು ಹಲ್ಲಾದರೂ ಉಂಟೇ? ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಓದಿದ ಡಾಕ್ಟರಿಗೆ ಯಾರು ಹೇಳಬೇಕು. ನನ್ನ ಸೇವಂತಿಗೆ ಯಾರನ್ನೂ ಚುಚ್ಚದು, ಮಣ್ಣು ನೀರು ಬಿಸಿಲು ಬಿಟ್ಟು ಇನ್ನೇನನ್ನೂ ಬೇಡದು. ಬಾಡುತ್ತದೆ, ಒಪ್ಪಿದೆ. ಅದು ಬಾಡುವುದಕ್ಕೇ ಅಲ್ಲವೇ ಮಾರನೆಯ ದಿನ ನಾನು ಹೋಗುತ್ತಿದ್ದುದು?

ಆದಕಾರಣ ವಿನಂತಿ ಏನೆಂದರೆ, ವರ್ತನೆ ಕಿತ್ತುಕೊಂಡವರು ಅದರ ಕೆಲಸವನ್ನೂ ಪೂರ್ತಿ ಮಾಡತಕ್ಕದ್ದು. ತಾವು ಮೊಳದುದ್ದ ಬೆಳೆದು, ಬಾಳೆನಾರಿಗೆ ಕೊರಳೊಡ್ಡಿ, ಶುಕ್ರವಾರ ಡಾಕ್ಟರ ತಾಯಿ ಕಮಲಾಕ್ಷಮ್ಮನವರ ಮುಡಿಗೇರಿ ಘಮ್ಮೆನ್ನಬೇಕು. ಅವರ ಕುತ್ತಿಗೆಗೆ ಮಾತ್ರ ಚುಚ್ಚಕೂಡದು. ಇದಾಗದಿದ್ದರೆ ಹಾಸನದಲ್ಲಿ ಮಂಗಳೂರು ಬಸ್ಸು ಹತ್ತಿ ಸಮುದ್ರ ಸೇರಿಕೊಳ್ಳುವುದು. ಹೂವೋ ಪ್ರಾಣಿಯೋ ಎಂದು ಕಂಡಕ್ಟರ್ ಕೇಳಿದರೆ ಅವರಿಗಾದರೂ ನಿಜ ಹೇಳಿ.

ಇಂತಿ, ಸಂಜೆಗೆ ಬಾಡುವವರ ಕಡೆಯ,
ತಮ್ಮ ವಿಶ್ವಾಸಿ,
ಜಯಲಕ್ಷ್ಮಮ್ಮ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಡಾಕ್ಟರ ಫೋನು ಬಂತು. ನಾಳೆ ಆಯುಧಪೂಜೆಯಂತೆ, ಹಲ್ಲು ಕೀಳುವ ಇಕ್ಕಳಕ್ಕೆ, ಕುರ್ಚಿಗೆ, ಮತ್ತೆ ತಮ್ಮ ತೊಟ್ಟಿಯ ಸುತ್ತ ಕಟ್ಟುವುದಕ್ಕೆ ಆರು ಮೊಳ ಸೇವಂತಿಗೆ ಬೇಕಂತೆ. ತಾವಿದ್ದೂ ಹೂವೇಕೆಂದು ನಾನು ಕೇಳಲಿಲ್ಲ. ತೊಟ್ಟಿಗೆ ನಾನೇ ಬಂದು ಕಟ್ಟುತ್ತೇನೆ. ಹೂವು ಹೇಗಿರುತ್ತದೆಂದು ಒಳಗಿಂದಲೇ ನೋಡಿಕೊಳ್ಳಿ.