ವಾದಿ ಸರ್ದೂನ್ ಹೊಳೆಯ ಅಣೆಕಟ್ಟಿನ ಬಿರುಕಿನವರ ಸನ್ನಿಧಿಗೆ

ಮಾನ್ಯ ಬಿರುಕಿನವರೇ,

ತಮಗೂ ದಿನೇ ದಿನೇ ಬೆಳೆಯುತ್ತಿರುವ ತಮ್ಮ ಪರಿವಾರಕ್ಕೂ ಸಲಾಂ. ಅಟ್ಲಾಸ್ ತಪ್ಪಲಿನ ಮೂರು ಊರುಗಳಿಗೆ ಕುಡಿಯುವ ನೀರು ಕೊಡುವ ಈ ಅರವತ್ತೆಂಟು ವರ್ಷದ ಗೋಡೆಗೆ ನಾನು ಕಾವಲುಗಾರ. ತಮ್ಮ ವಿಷಯವಾಗಿ ಇಲಾಖೆಗೆ ಹನ್ನೊಂದು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ತಾವಾದರೋ ಚುರುಕಾಗಿ ಸ್ಪಂದಿಸುವವರೆಂದು ಕಂಡು, ನೇರವಾಗಿ ತಮಗೇ ಬರೆಯುವ ಧೈರ್ಯ ಮಾಡಿದ್ದೇನೆ.

ತಾವು ಅಗಲವಾಗುತ್ತಿದ್ದೀರೋ ಇಲ್ಲವೋ ತಿಳಿಯಲೆಂದು ತಮ್ಮ ಮೈಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದು ನಮ್ಮ ಪದ್ಧತಿ. ಗಾಜು ಒಡೆದರೆ ಗೋಡೆ ಸರಿದಿದೆ ಎಂದರ್ಥ. ತಾವು ಪ್ರಾಮಾಣಿಕವಾಗಿ ಆರು ಗಾಜು ಒಡೆದು ತಿಳಿಸಿದಿರಿ. ಪ್ರತಿ ಸಲವೂ ತಪಾಸಣೆಯ ಹಿಂದಿನ ದಿನ ಎಂಜಿನಿಯರ್ ಲಸ್ಸಾದ್ ಫೋನ್ ಮಾಡಿ, "ಹಶ್ಮಿ ಕಾಕಾ, ಹೊಸ ಗಾಜು ಹಾಕ್ಬಿಡಿ, ಸಾಹೇಬ್ರು ಬರೋ ಹೊತ್ತಿಗೆ ನೋಡೋಕೆ ಚೆನ್ನಾಗಿರ್ಲಿ" ಎನ್ನುತ್ತಾರೆ. ನಾನೂ ಹಾಕಿದೆ, ಅದು ನನ್ನ ತಪ್ಪು, ಒಪ್ಪುತ್ತೇನೆ. ತಪಾಸಣೆಯ ಸಾಹೇಬರು ಬಂದು "ಗಾಜು ಸುಭದ್ರ" ಎಂದು ಬರೆದುಕೊಂಡು ಹೋಗುತ್ತಾರೆ. ಇಷ್ಟು ಆರೋಗ್ಯವಂತ ಗಾಜು ದೇಶದಲ್ಲಿ ಇನ್ನೆಲ್ಲೂ ಇರಲಾರದು.

ತಮ್ಮ ನೇರ ಕೆಳಗೆ ನನ್ನ ತಂಗಿ ಮಬ್ರೂಕಾಳ ಮನೆಯಿದೆ. ಅವಳು, ಅವಳ ನಾಲ್ಕು ಮಕ್ಕಳು, ಹದಿನೇಳು ಆಲಿವ್ ಮರ. ಕಳೆದ ಶುಕ್ರವಾರ ಕುಸ್ಕುಸ್ ಬಡಿಸುತ್ತಾ, "ಅಣ್ಣಾ, ನಿನ್ನ ಗೋಡೆ ಬೆವರ್ತಿದೆ ಕಣೋ. ಒಲೆ ಮುಂದೆ ಕೂತ ನಾನು ಬೆವರಿದ್ರೆ ಸರಿ, ಅದಕ್ಕೇನು ಬಂತು ರೋಗ?" ಎಂದಳು. ನಗು ಬಂತು, ಆದರೆ ತಟ್ಟೆ ಬಿಟ್ಟೆದ್ದು ಗೋಡೆ ಮುಟ್ಟಿ ನೋಡಿ ಬಂದೆ. ನನಗೆ ಭಯವಾಗಿದೆ, ಮಾನ್ಯರೇ.

ಏಳನೆಯ ಗಾಜು ಮೊನ್ನೆ ಒಡೆಯಿತು. ಗುರುವಾರ ಸಾಹೇಬರು ಬರುತ್ತಾರೆ. ಈ ಸಲ ನಾನು ಗಾಜು ಬದಲಿಸುವುದಿಲ್ಲ. ತಾವು ದಯಮಾಡಿ ಅಲ್ಲಿಯವರೆಗೆ ಇದ್ದಷ್ಟೇ ಇದ್ದು, ಅವರು ಎದುರಿಗೆ ನಿಂತಾಗ ಅವರ ಹೊಳೆಯುವ ಬೂಟಿನ ಮೇಲೆ ಎರಡೇ ಹನಿ ಉದುರಿಸಿ, ದುರಸ್ತಿಯ ಆದೇಶಕ್ಕೆ ಸಹಿ ಬಿದ್ದ ಮೇಲೆ ತಾವಾಗಿಯೇ ಮುಚ್ಚಿಕೊಂಡುಬಿಟ್ಟರೆ ಇಲಾಖೆಗೆ ಸಿಮೆಂಟಿನ ತೊಂದರೆಯೂ ತಪ್ಪುತ್ತದೆ. ಇಷ್ಟೆಲ್ಲ ಕಷ್ಟವೆನಿಸಿದರೆ, ಮಕ್ಕಳು ಶಾಲೆಗೆ ಹೋಗುವವರೆಗಾದರೂ ಪ್ರತಿದಿನ ತಡೆದುಕೊಳ್ಳಿ.

ತಮ್ಮ ವಿಶ್ವಾಸಿ,
ಹಶ್ಮಿ ದರ್ಬಾಲಿ
ಅಣೆಕಟ್ಟಿನ ಕಾವಲುಗಾರ

ತಾ.ಕ.: ಗಾಜು ಸುಭದ್ರವೆಂದು ಆರು ಸಲ ಬರೆದುಕೊಂಡ ಸಾಹೇಬರಿಗೆ ಗುರುವಾರದ ಊಟ ಮಬ್ರೂಕಾಳ ಅಂಗಳದಲ್ಲಿ ಎಂದು ತಿಳಿಸಿದೆ. ಹನ್ನೊಂದು ಪತ್ರಕ್ಕೆ ಬಾರದ ಉತ್ತರ ಅರ್ಧ ಗಂಟೆಯಲ್ಲಿ ಬಂತು: "ಕುಸ್ಕುಸ್ ಗುಡ್ಡದ ಮೇಲಕ್ಕೇ ತಂದ್ಬಿಡಿ."