ಅರ್ಹರಿಗೆ ಮಾತ್ರ ಊಲಾಂಗ್

ಊರಿನವರನ್ನೆಲ್ಲ ತಾತ್ಸಾರದಿಂದ ನೋಡಬೇಕಾದರೆ ಹಣವೋ ಅಧಿಕಾರವೋ ಇರಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಅವೆರಡೂ ಇಲ್ಲದ ಹೈಸ್ಕೂಲು ಮೇಷ್ಟ್ರಾದ ನಾನು ಅನುಭವದಿಂದ ಹೇಳುತ್ತೇನೆ, ಕಾಲು ಕಿಲೋ ಚಹಾ ಇದ್ದರೆ ಸಾಕು. ಎಪ್ಪತ್ತರ ದಶಕದ ನಡುವಿನಲ್ಲಿ ವಿಜ್ಞಾನ ಬೋಧನೆಯ ತರಬೇತಿಗೆಂದು ಕಲ್ಕತ್ತಕ್ಕೆ ಹೋಗಿದ್ದೆ. ಅಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಮುದುಕರು ಜೀವಮಾನವಿಡೀ ಚಹಾದ ರುಚಿ ನೋಡಿ ಸಂಬಳ ತೆಗೆದುಕೊಂಡವರು. ಮೂರು ವಾರ ಸಂಜೆಯಾದರೆ ಸಾಕು, ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಊಲಾಂಗ್ ಎಂದರೆ ಹಸಿರು ಚಹಾವೂ ಅಲ್ಲ, ನಮ್ಮ ಕಪ್ಪು ಚಹಾವೂ ಅಲ್ಲ. ಎಲೆಯನ್ನು ಹದವಾಗಿ ಬಾಡಿಸಿ ನಡುದಾರಿಯಲ್ಲೇ ತಡೆದದ್ದು. ವಸಂತದ ಕೊಯ್ಲು ನಾಲಿಗೆಗೆ, ಶರತ್ಕಾಲದ ಕೊಯ್ಲು ಮೂಗಿಗೆ. ಮಳೆಗಾಲದ ಎಲೆ ನೀರು ಕುಡಿದು ಸಪ್ಪೆಯಾಗಿರುತ್ತದೆ, ಮಳೆ ನಿಂತ ಮೇಲೆ ಕಿತ್ತದ್ದರಲ್ಲಿ ಪರಿಮಳ ಕೂತಿರುತ್ತದೆ. ಬಣ್ಣ ಜೇನಿನಂತಿರಬೇಕು, ಹಾಲು ಸಕ್ಕರೆ ಹತ್ತಿರವೂ ಸುಳಿಯಬಾರದು. ಹೊರಡುವ ದಿನ ಶರತ್ಕಾಲದ ಊಲಾಂಗ್ ತುಂಬಿದ ಒಂದು ತಗಡಿನ ಡಬ್ಬಿಯನ್ನು ಕೈಗಿಟ್ಟರು. ಹೋಗುವಾಗ ಬರೀ ಮೇಷ್ಟ್ರಾಗಿದ್ದವನು ಬರುವಾಗ ರಸಿಕನಾಗಿದ್ದೆ.

ಆಗ ನಾನು ಹೊನ್ನಾಳಿಯಲ್ಲಿದ್ದೆ. ತಿಳಿದವರೊಬ್ಬರು ಸಿಕ್ಕಾಗ ಈ ಡಬ್ಬಿಯನ್ನು ತೆರೆಯಬೇಕು, ಅವರು ಒಂದು ಗುಟುಕು ಕುಡಿದು ಇದು ಶರತ್ಕಾಲದ್ದು ಎನ್ನಬೇಕು, ಅದನ್ನು ನಾನು ಕಿವಿಯಾರೆ ಕೇಳಬೇಕು. ನನ್ನ ಆಸೆ ಇಷ್ಟೇ ಇತ್ತು. ಅಲ್ಲಿಯತನಕ ದೀಪಾವಳಿಗೊಮ್ಮೆ ನಾನೊಬ್ಬನೇ ಒಂದು ಲೋಟ ಮಾಡಿಕೊಳ್ಳುವುದು, ಆಗೀಗ ಮುಚ್ಚಳ ತೆಗೆದು ಮೂಸಿ ಮುಚ್ಚಿಡುವುದು. ಹೊನ್ನಾಳಿಯಲ್ಲಿ ಅಂಥವರು ಯಾರಿದ್ದರು? ನಮ್ಮ ಹೆಡ್‌ಮಾಸ್ಟರು ಮಂಡಕ್ಕಿ ಮುಕ್ಕಿ, ಮಿರ್ಚಿಯ ಖಾರ ಇಳಿಯಲೆಂದು ಚಹಾ ಕುಡಿಯುವವರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಡಬ್ಬಿಯನ್ನು ಒಳಗಿಟ್ಟೆ.

ಅಲ್ಲಿಂದ ನ್ಯಾಮತಿಗೆ ವರ್ಗವಾಯಿತು. ದೀಪಾವಳಿಯ ದಿನ ನಾನು ಹಾಲಿಲ್ಲದ ಚಹಾ ಕುಡಿಯುವುದನ್ನು ನಾವಿದ್ದ ಬಾಡಿಗೆ ಮನೆಯ ಒಡತಿ ಗೌರಮ್ಮ ಕಿಟಕಿಯಿಂದ ಕಂಡರು. ಹಬ್ಬದ ದಿನವೂ ಮೇಷ್ಟ್ರಿಗೆ ಹಾಲಿಗೆ ಗತಿಯಿಲ್ಲವಲ್ಲ ಎಂದು ಆಕೆಯ ಕರುಳು ಚುರ್ರೆಂದಿರಬೇಕು, ಮರುದಿನದಿಂದ ಒಂದು ಚೊಂಬು ಎಮ್ಮೆ ಹಾಲು ಬರತೊಡಗಿತು. ಆಕೆಯನ್ನು ಕೂರಿಸಿ ಊಲಾಂಗಿನ ಬಗ್ಗೆ ಅರ್ಧ ಗಂಟೆ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಮರ್ಯಾದಸ್ಥರು ಕಷ್ಟವನ್ನು ಹೀಗೇ ಮುಚ್ಚಿಕೊಳ್ಳುತ್ತಾರಮ್ಮ ಎಂದು ಸಮಾಧಾನ ಹೇಳಿ, ಇನ್ನೂ ದೊಡ್ಡ ಚೊಂಬು ಕಳಿಸಿದರು. ಹೆಂಡತಿ ಎರಡು ವರ್ಷ ಬೆಣ್ಣೆ ತೆಗೆದಳು. ಇಂಥ ಜನರ ನಡುವೆ ಬಾಳಬೇಕಾಯಿತಲ್ಲ ಎಂದು ನಾನು ಕೊರಗಿದೆ.

ಮುಂದೆ ಚನ್ನಗಿರಿ. ಅಲ್ಲಿ ಪಕ್ಕದ ಮನೆಯ ಚನ್ನಬಸಪ್ಪನವರು ಅಡಿಕೆ ಮಂಡಿಯಲ್ಲಿ ಮಾಲು ನೋಡುವವರು. ರಾಶಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರೆ, ಇದು ಕೆರೆಬಿಳಚಿಯದು, ಇದು ಸೂಳೆಕೆರೆ ಕಡೆಯದು, ಇದು ಕಡೇ ಕೊಯ್ಲು ಎಂದು ಹೇಳಿಬಿಡುತ್ತಾರೆ ಎಂದು ಊರೆಲ್ಲ ಹೊಗಳುತ್ತಿತ್ತು. ನಾನು ನಂಬಿರಲಿಲ್ಲ. ಸದಾ ಒಂದು ಕೆನ್ನೆ ಉಬ್ಬಿರುತ್ತಿದ್ದ, ಹಲ್ಲೆಲ್ಲ ಕೆಂಪಾಗಿದ್ದ ಮನುಷ್ಯನಿಗೆ ವಾಸನೆಯ ಸೂಕ್ಷ್ಮ ಎಲ್ಲಿಂದ ಬಂದೀತು? ಒಂದು ಭಾನುವಾರ ಅವರು ಪೇಪರು ಕೇಳಲು ಬಂದಾಗ ನಾನು ಡಬ್ಬಿ ತೆರೆದು ಕೂತಿದ್ದೆ. ಬಾಗಿಲಲ್ಲೇ ನಿಂತು ಮೂಗೆತ್ತಿದರು. ಕೈ ಚಾಚಿ ನಾಲ್ಕು ಎಲೆ ತೆಗೆದುಕೊಂಡು, ಅಂಗೈಯಲ್ಲಿಟ್ಟು ಬಿಸಿಯುಸಿರು ಬಿಟ್ಟು ಮೂಸಿದರು.

"ಮಳೆ ನಿಂತ ಮ್ಯಾಲೆ ಕೊಯ್ದಿದ್ದು ಕಣ್ರೀ ಮೇಷ್ಟ್ರೇ ಇದು. ಭಾಳ ಚೆನ್ನಾಗೈತೆ. ಆದ್ರೆ ಇನ್ನು ಇಡಬ್ಯಾಡ್ರಿ, ಹೋಗಾಕೆ ಹತ್ತೈತೆ," ಎಂದರು.

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವರು ಹಿತ್ತಲ ಕಡೆ ಹೋಗಿ ಬಂದು, ಬೆಂಚಿನ ಮೇಲೆ ಸುಮ್ಮನೆ ಕೂತರು. ಹೆಂಡತಿ ಅಡುಗೆಮನೆಯಿಂದ ಹುಬ್ಬು ಹಾರಿಸಿ, ಯಾವ ಚಹಾ ಎಂದು ಕೇಳಿದಳು. ಮಾಮೂಲಿನದೇ ಎಂದು ಸನ್ನೆ ಮಾಡಿದೆ. ಅವರು ಹಾಲು ಸಕ್ಕರೆ ಹಾಕಿದ ಚಹಾ ಕುಡಿದು, ಪೇಪರು ಮಡಚಿಕೊಂಡು ಹೋದರು. ಆರು ವರ್ಷದಿಂದ ನೀವು ಕಾಯುತ್ತಿದ್ದ ಮಾತನ್ನು ಅವರು ಕುಡಿಯದೆಯೇ ಹೇಳಿದರಲ್ಲ, ಒಂದು ಲೋಟ ಕೊಡಬಹುದಿತ್ತು ಎಂದಳು ಹೆಂಡತಿ. ಕುರುಡನೂ ಒಮ್ಮೊಮ್ಮೆ ಗುರಿ ಹೊಡೆಯುತ್ತಾನೆ, ಅಡಿಕೆ ತುಂಬಿದ ಬಾಯಿಗೆ ಊಲಾಂಗ್ ಹಾಕುವುದೂ ಬೂದಿಗೆ ತುಪ್ಪ ಹಾಕುವುದೂ ಒಂದೇ ಎಂದೆ. ಹೇಳಿದ್ದು ಚೆನ್ನಾಗಿದೆ ಎಂದು ನನಗೇ ಅನ್ನಿಸಿತು.

ಕೊನೆಗೆ ಜಗಳೂರಿನಲ್ಲಿ ಆ ಅರ್ಹರು ಸಿಕ್ಕರು. ಶಾಲೆಯ ತಪಾಸಣೆಗೆ ಬಂದ ಅಧಿಕಾರಿ ಹಾಲಿಲ್ಲದ ಚಹಾವನ್ನೇ ಕುಡಿಯುತ್ತಾರೆಂದು ತಿಳಿದು, ಶರತ್ಕಾಲದ ಊಲಾಂಗ್ ಇದೆ ಬನ್ನಿ ಎಂದು ಮನೆಗೆ ಕರೆದೆ. ವರ್ಗದ ಗಡಿಬಿಡಿಯಲ್ಲಿ ಡಬ್ಬಿ ಹೆಂಡತಿಯ ರೇಷ್ಮೆ ಸೀರೆಗಳ ಟ್ರಂಕು ಸೇರಿ ಎರಡು ವರ್ಷವಾಗಿತ್ತು, ಉಳಿದದ್ದು ಅರ್ಹರಿಗಿರಲಿ ಎಂದು ಆ ಎರಡು ದೀಪಾವಳಿ ನಾನೂ ಅದನ್ನು ಮುಟ್ಟಿರಲಿಲ್ಲ. ಜಗಳೂರಿನ ಗಡಸು ನೀರು ಕುದಿಸಿ ಎಲೆ ಹಾಕಿದರೆ ಬಣ್ಣ ಕೆಸರಿನಂತಾಯಿತು. ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಶರತ್ಕಾಲದ ಪರಿಮಳವೆಂದರೆ ಇದು, ಬೇರೆ ಕಾಲದ್ದಕ್ಕೆ ಇದು ಬರುವುದೇ ಇಲ್ಲ ಎಂದರು. ಎಂಟು ವರ್ಷ ಕಾದ ಮಾತು ಕಿವಿಗೆ ಬಿದ್ದ ಪುಳಕದಲ್ಲಿ ನಾನೂ ಒಂದು ಗುಟುಕು ಕುಡಿದೆ. ಅಪ್ಪಟ ನುಸಿಗುಳಿಗೆಯ ಕಷಾಯ. ಸಾಹೇಬರು ಇನ್ನರ್ಧ ಲೋಟ ಕೇಳಿ ಕುಡಿದರು. ಅವರಿಗೆ ಹಾಲು ಬಿಡಿಸಿದ್ದು ಡಾಕ್ಟರು ಎಂದು ಆಮೇಲೆ ತಿಳಿಯಿತು.

ಮುಂದಿನ ಭಾನುವಾರ ಉಳಿದ ಚಹಾ ಹಿಡಿದುಕೊಂಡು ಬಸ್ಸು ಹತ್ತಿ ಚನ್ನಗಿರಿಗೆ ಹೋದೆ. ಯಾಕೆ ಹೋದೆನೋ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಚನ್ನಬಸಪ್ಪನವರು ಮುಚ್ಚಳ ತೆಗೆದು ಮೂಸಿ, ಇದು ಸತ್ತು ಹೋಗೈತೆ ಬಿಡ್ರಿ ಎಂದು ಮೆಲ್ಲಗೆ ಮುಚ್ಚಿದರು. ಆಮೇಲೆ ಯಾವ ಕೊಂಕೂ ಇಲ್ಲದೆ, ನಗುತ್ತಲೇ ಹೇಳಿದರು.

"ಅವತ್ತು ಒಂದು ಲೋಟ ಕೊಡ್ತೀರಿ ಅಂತ ನಿಮ್ಮ ಹಿತ್ತಲಾಗೆ ಅಡಿಕೆ ಉಗುಳಿ, ಬಾಯಿ ತೊಳಕಂಡು ಬಂದು ಕೂತಿದ್ದೆ ನೋಡ್ರಿ. ಯಾರ ಮನೆಯಾಗೂ ಹಂಗೆ ಮಾಡಿದೋನಲ್ಲ ನಾನು."

ಮನೆಗೆ ಬಂದಾಗ, ಅವರೇನಂದರು ಎಂದು ಹೆಂಡತಿ ಕೇಳಿದಳು. ಚಹಾ ಕೆಟ್ಟಿದೆ ಅಂದರು ಎಂದೆ. ಹಾಗಾದರೆ ಅವರಿಗೆ ನಿಜವಾಗಿಯೂ ತಿಳಿಯುತ್ತದೆ ಎಂದಳು. ಹೌದು ಎಂದೆ, ಬಾಯಿ ತೊಳೆದುಕೊಂಡು ಕೂತಿದ್ದ ಸಂಗತಿಯನ್ನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಈ ನಾಲ್ಕೂ ಊರುಗಳಲ್ಲಿ ತಾತ್ಸಾರ ಮಾಡಲು ನನಗೆ ಒಬ್ಬನೇ ಒಬ್ಬ ಮನುಷ್ಯ ಉಳಿದಿದ್ದ, ಅವನ ಗಡ್ಡವನ್ನು ದಿನಾ ಬೆಳಿಗ್ಗೆ ನಾನೇ ಹೆರೆಯಬೇಕಾಗಿತ್ತು.